‘ಕೇಳಿದ್ರೆ ಏನಾಯ್ತು ಸ್ವಾಮಿ?’

ಮಲೆನಾಡಿನ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮೂರಿಗೆ ದಿನಕ್ಕೆ ಎರಡೇ ಟ್ರಿಪ್ ಬಸ್ಸು, ಸಂಜೆ ಬಸ್ಸಿಲ್ಲ. ಕಾಲೇಜಿಗೆ ಹೋದ ಮಕ್ಕಳು ಕತ್ತಲಾದ ಮೇಲೆ ಕ್ರಾಸಿನಿಂದ ನಡೆದು ಬರುತ್ತಾರೆ. ಕಳೆದ ಅಧಿವೇಶನದಲ್ಲಿ ನಮ್ಮ ಶಾಸಕರು ಈ ವಿಷಯ ಪ್ರಸ್ತಾಪ ಮಾಡಿದರು. ಪೇಪರಿನಲ್ಲಿ ಫೋಟೋ ಬಂತು. ಊರಲ್ಲಿ ಪಟಾಕಿ ಹೊಡೆದೆವು. ಬಸ್ಸು ಮಾತ್ರ ಬರಲಿಲ್ಲ. ಕೇಳಿದ್ರೆ ಏನಾಯ್ತು ಸ್ವಾಮಿ? ಇದೆಲ್ಲ ಬರೀ ನಾಟಕ ಅಲ್ವಾ?’

ಊರಿನ ಹೆಸರು, ಶಾಸಕರ ಹೆಸರು ಎರಡನ್ನೂ ಬಿಟ್ಟಿದ್ದೇನೆ. ಬೇಕಂತಲೇ ಬಿಟ್ಟಿದ್ದು. ಇಂಥ ಪತ್ರ ಬರುವುದು ನಿಮ್ಮ ಊರಿಂದ ಮಾತ್ರ ಅಲ್ಲ.

ನೀವು ಕಳಿಸಿದ ಪೇಪರ್ ಕಟಿಂಗ್ ನೋಡಿದೆ. ಶಾಸಕರು ಕೈ ಎತ್ತಿ ಮಾತಾಡುತ್ತಿರುವ ಫೋಟೋ ಅದು. ಆದರೆ ನಿಮ್ಮ ಬಸ್ಸಿನ ವಿಷಯದಲ್ಲಿ ಅವರು ಸದನದಲ್ಲಿ ಎದ್ದು ನಿಂತಿರಲೇ ಇಲ್ಲ. ನಿಮ್ಮ ಪತ್ರ ಬಂದ ಮೇಲೆ ವಿಧಾನಸಭೆಯ ವೆಬ್‌ಸೈಟಿನಲ್ಲಿ ಹುಡುಕಿದೆ. ಅದು ಚುಕ್ಕೆ ಗುರುತಿಲ್ಲದ ಪ್ರಶ್ನೆ. ಚುಕ್ಕೆ ಗುರುತಿದ್ದರೆ ಸಚಿವರು ಸದನದಲ್ಲಿ ಬಾಯಿಬಿಟ್ಟು ಉತ್ತರ ಹೇಳಬೇಕು, ಶಾಸಕರು ಅದರ ಮೇಲೆ ಉಪಪ್ರಶ್ನೆ ಹಾಕಿ ಹಿಡಿಯಬಹುದು. ಚುಕ್ಕೆ ಇಲ್ಲದಿದ್ದರೆ ಪ್ರಶ್ನೆಯೂ ಕಾಗದ, ಉತ್ತರವೂ ಕಾಗದ. ಫೋಟೋ ಬೇರೆ ಯಾವತ್ತಿನದೋ ಇರಬೇಕು. ನಮ್ಮ ಪತ್ರಿಕೆಗಳಲ್ಲಿ ಇದು ನಡೆಯುತ್ತದೆ, ಅದಕ್ಕೆ ಶಾಸಕರನ್ನು ಬೈಯುವ ಮುಂಚೆ ನಮ್ಮನ್ನೇ ಸ್ವಲ್ಪ ಬೈಯಬೇಕು.

ಇನ್ನು ಆ ಕಾಗದಕ್ಕೆ ಬರೋಣ. ನನಗೆ ಇಷ್ಟವಾದ ಸಾಹಿತ್ಯ ಪ್ರಕಾರ ಇದು, ಸುಮ್ನೆ ಹೇಳುತ್ತಿಲ್ಲ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ‘ಅ) ಈ ಗ್ರಾಮಕ್ಕೆ ಸಮರ್ಪಕ ಬಸ್ ಸೌಲಭ್ಯ ಇಲ್ಲದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಉತ್ತರ ‘ಬಂದಿದೆ’ ಎಂದಿದ್ದರೆ ಮುಂದಿನ ಮನೆಯಲ್ಲಿ ಏನು ಮಾಡಿದಿರಿ ಎಂದು ಬರೆಯಬೇಕಾಗುತ್ತದೆ. ‘ಬಂದಿರುವುದಿಲ್ಲ’ ಎಂದುಬಿಟ್ಟರೆ ಮುಂದಿನ ‘ಆ’ ಪ್ರಶ್ನೆಗೆ ಉತ್ತರ ಒಂದೇ ಪದ: ‘ಉದ್ಭವಿಸುವುದಿಲ್ಲ’. ಎರಡೂ ಬೇಡ ಅನಿಸಿದಾಗ ಬರೆಯುವುದಕ್ಕೆ ಇನ್ನೊಂದು ಸಾಲು ಇದೆ: ‘ವಾಹನ ಹಾಗೂ ಸಿಬ್ಬಂದಿ ಲಭ್ಯತೆಗೆ ಅನುಗುಣವಾಗಿ ಕ್ರಮ ಕೈಗೊಳ್ಳಲಾಗುವುದು’. ಆ ‘ಲಭ್ಯತೆಗೆ ಅನುಗುಣವಾಗಿ’ ಅನ್ನುವುದನ್ನು ರಸ್ತೆಗೂ ಹಾಕಬಹುದು, ಶಾಲೆ ಕೊಠಡಿಗೂ ಹಾಕಬಹುದು, ಆಸ್ಪತ್ರೆಯ ಡಾಕ್ಟರಿಗೂ ಹಾಕಬಹುದು.

ನಿಮ್ಮ ಊರಿಗೆ ಸಿಕ್ಕಿರುವುದು ಇದೇ ಸಾಲು. ಆದರೆ ಅದರ ಕೆಳಗೆ ಒಂದು ಅನುಬಂಧ ಇದೆ. ಅದನ್ನು ಊರಲ್ಲಿ ಯಾರೂ ಓದಿಲ್ಲ ಅನಿಸುತ್ತದೆ. ನಿಮ್ಮೂರಿಗೆ ದಿನಕ್ಕೆ ನಾಲ್ಕು ಟ್ರಿಪ್ ಬಸ್ಸು ಓಡುತ್ತಿದೆ, ಕೊನೆಯದು ಸಂಜೆ ಆರೂಕಾಲಕ್ಕೆ ಎಂದು ಅದರಲ್ಲಿ ಅಚ್ಚಾಗಿದೆ. ನೀವು ಪತ್ರದಲ್ಲಿ ಬರೆದಿರುವುದು ಎರಡೇ ಟ್ರಿಪ್. ಅಂದರೆ ನಿಮಗೆ ಬಸ್ಸು ಮಂಜೂರಾಗಬೇಕಿಲ್ಲ. ಮಂಜೂರಾಗಿರುವ ಬಸ್ಸು ಎಲ್ಲಿ ಹೋಗುತ್ತಿದೆ ಎಂದು ಕೇಳಬೇಕು. ಡ್ರೈವರ್ ಇಲ್ಲದೆ ಟ್ರಿಪ್ ರದ್ದಾಗುತ್ತಿರಬಹುದು, ಬಸ್ಸು ಬೇರೆ ರೂಟಿಗೆ ತಿರುಗಿರಬಹುದು, ಸುಮ್ಮನೆ ಪುಸ್ತಕದಲ್ಲೇ ಓಡುತ್ತಿರಬಹುದು.

ಕೇಳಿದ್ದರಿಂದ ಏನಾಯ್ತು ಅಂದಿರಲ್ಲ, ಇದಾಯ್ತು. ನೀವು ನೂರು ಸಲ ಡಿಪೋಗೆ ಹೋಗಿದ್ದರೂ ಈ ಲೆಕ್ಕವನ್ನು ಸಹಿ ಹಾಕಿ ಕೊಡುತ್ತಿರಲಿಲ್ಲ. ಈಗ ಸಚಿವರ ಹೆಸರಿನಲ್ಲಿ ಸದನಕ್ಕೇ ಕೊಟ್ಟಿದ್ದಾರೆ.

ಪ್ರಶ್ನೆಯೂ ಅಷ್ಟೇನು ಚೂಪಾಗಿರಲಿಲ್ಲ. ‘ಸಮರ್ಪಕ’ ಅಂದರೆ ಎಷ್ಟು? ಮಂಜೂರಾದ ಟ್ರಿಪ್ ಎಷ್ಟು, ಕಳೆದ ಮೂರು ತಿಂಗಳಲ್ಲಿ ರದ್ದಾದದ್ದು ಎಷ್ಟು, ಡಿಪೋದಲ್ಲಿ ಚಾಲಕರ ಹುದ್ದೆ ಎಷ್ಟು ಖಾಲಿ ಎಂದು ಕೇಳಿದ್ದರೆ ಜಾರಲು ಜಾಗ ಕಡಿಮೆ ಇರುತ್ತಿತ್ತು. ಆದರೆ ಆ ವಿವರವನ್ನು ಶಾಸಕರಿಗೆ ಕೊಟ್ಟವರು ಯಾರು? ಅವರ ಮನೆ ಮುಂದೆ ಬೆಳಿಗ್ಗೆ ನಿಲ್ಲುವ ನಾವು ಒಯ್ಯುವುದು ವರ್ಗಾವಣೆ ಪತ್ರ, ಮದುವೆ ಕರೆಯೋಲೆ, ದೇವಸ್ಥಾನದ ರಸೀದಿ ಪುಸ್ತಕ. ಅಧಿವೇಶನಕ್ಕೆ ಎರಡು ಮೂರು ವಾರ ಇರುವಾಗಲೇ ಅರ್ಧ ಹಾಳೆಯಲ್ಲಿ ಅಂಕಿ ಬರೆದು ಕೊಟ್ಟರೆ ಅವರ ಆಪ್ತ ಸಹಾಯಕರು ಖುಷಿಯಿಂದಲೇ ತೆಗೆದುಕೊಳ್ಳುತ್ತಾರೆ. ಅವರಿಗೂ ಪ್ರಶ್ನೆ ಬೇಕಲ್ಲ.

ಕೇಳುವ ದಿನಗಳೇ ಕಡಿಮೆ ಅನ್ನುವುದು ಬೇರೆ ಮಾತು. ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕೆಂದು 2005ರಲ್ಲಿ ನಮ್ಮ ರಾಜ್ಯವೇ ಕಾನೂನು ಮಾಡಿಕೊಂಡಿತು. ಬೆಳಗಾವಿಯಲ್ಲಿ ಅಷ್ಟು ದೊಡ್ಡ ಸುವರ್ಣ ವಿಧಾನಸೌಧ 2012ರಲ್ಲಿ ಉದ್ಘಾಟನೆಯಾಯಿತು. ಇಷ್ಟಾದರೂ ಆ 60 ಸುಲಭಕ್ಕೆ ತುಂಬುವುದಿಲ್ಲ. ಈ ಬಗ್ಗೆ ಯಾವ ಊರಲ್ಲೂ ರಸ್ತೆ ತಡೆ ಆಗಿದ್ದು ನಾನು ಕಂಡಿಲ್ಲ.

ಎಲ್ಲವೂ ನಿಮ್ಮ ಬಸ್ಸಿನಷ್ಟು ಸಣ್ಣದಿರುವುದಿಲ್ಲ, ಒಪ್ಪುತ್ತೇನೆ. ಸಾಗರ ತಾಲ್ಲೂಕಿನ ತುಮರಿ ಕಡೆಯವರನ್ನು ನೆನೆಸಿಕೊಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಹಿನ್ನೀರು ನಿಂತು ತುಮರಿ ಇರುವ ಕರೂರು ಹೋಬಳಿ ಆಚೆ ದಡದಲ್ಲಿ ಉಳಿಯಿತು. ನಾಡಿಗೆ ಕರೆಂಟು ಕೊಡಲು ಮುಳುಗಡೆಯಾದವರು ಬಾಣಂತಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಲಾಂಚಿಗೆ ಕಾಯಬೇಕಾಯಿತು. ರಾತ್ರಿ ಲಾಂಚೂ ಇರಲಿಲ್ಲ. ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅರವತ್ತು ವರ್ಷ. ಕೊನೆಗೆ ಕಟ್ಟಿದ್ದು ರಾಷ್ಟ್ರೀಯ ಹೆದ್ದಾರಿಯ ಲೆಕ್ಕದಲ್ಲಿ, ಕೇಂದ್ರದ ದುಡ್ಡಿನಲ್ಲಿ. ಬೆಂಗಳೂರಿನಲ್ಲಿ ಕೂತ ಶಾಸಕರೊಬ್ಬರು ಎಷ್ಟೇ ಗಂಟಲು ಹರಿದುಕೊಂಡರೂ ಆ ಕಡತಕ್ಕೆ ಅವರ ಕೈ ಪೂರ್ತಿ ಎಟುಕುತ್ತಿರಲಿಲ್ಲ. ಅದೇ ಮುಳುಗಡೆ ಸಂತ್ರಸ್ತರ ಜಮೀನಿನ ವಿಷಯದಲ್ಲಿ ಇನ್ನೂ ಕಷ್ಟ. ಅವರಿಗೆ ಬದಲಿಯಾಗಿ ಸಿಕ್ಕಿದ್ದು ಅರಣ್ಯ ಭೂಮಿ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ರಾಜ್ಯ ಸರ್ಕಾರ ಒಪ್ಪಿದರೂ ಸಾಲದು, ಕೇಂದ್ರದ ಅನುಮತಿ ಬೇಕು.

ಅದೇ ಸಾಗರ ಸೀಮೆಯಲ್ಲಿ 1951ರಲ್ಲಿ ಕಾಗೋಡು ಗೇಣಿದಾರರ ಸತ್ಯಾಗ್ರಹ ಆಯಿತು. ಮರುವರ್ಷವೇ ಆ ಗೇಣಿದಾರರ ಪರ ಹೋರಾಡಿದ ಸಮಾಜವಾದಿ ಮುಖಂಡ ಶಾಂತವೇರಿ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋದರು. ಉಳುವವನೇ ಹೊಲದೊಡೆಯ ಅನ್ನುವ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ, ದೇವರಾಜ ಅರಸು ಕಾಲದಲ್ಲಿ. ಗೌಡರು 1972ರಲ್ಲೇ ತೀರಿಕೊಂಡಿದ್ದರು. ನಾಟಕ ಅಂದಿರಲ್ಲ, ಆ ಮಾತು ಓದಿದಾಗ ನನಗೆ ಮೊದಲು ನೆನಪಾದದ್ದು ಅವರು.

ನಿಮ್ಮ ಬಸ್ಸಿಗೆ ದೆಹಲಿಯೂ ಬೇಡ, ವಿಧಾನಸೌಧವೂ ಬೇಡ. ಟ್ರಿಪ್ ತೀರ್ಮಾನವಾಗುವುದು ಡಿಪೋ ಮ್ಯಾನೇಜರ್ ಮತ್ತು ವಿಭಾಗೀಯ ನಿಯಂತ್ರಣಾಧಿಕಾರಿಯ ಮಟ್ಟದಲ್ಲಿ. ತಾಲ್ಲೂಕಿನ ತ್ರೈಮಾಸಿಕ ಕೆಡಿಪಿ ಸಭೆಗೆ, ಅಂದರೆ ಇಲಾಖೆಗಳ ಕೆಲಸದ ಪ್ರಗತಿ ನೋಡುವ ಸಭೆಗೆ, ನಿಮ್ಮ ಶಾಸಕರೇ ಅಧ್ಯಕ್ಷರು, ಡಿಪೋದವರೂ ಬಂದು ಕೂತಿರುತ್ತಾರೆ. ಅಲ್ಲಿ ಫೋಟೋ ತೆಗೆಯುವವರು ಜಾಸ್ತಿ ಇರುವುದಿಲ್ಲ, ಕೆಲಸ ಆಗುವುದು ಅಲ್ಲೇ. ಹೋಗುವ ಮುಂಚೆ ಒಂದು ತಿಂಗಳು ಕ್ರಾಸಿನ ಅಂಗಡಿಯಲ್ಲಿ ಒಂದು ನೋಟ್‌ಬುಕ್ ಇಡಿ. ಬಸ್ಸು ಎಷ್ಟು ಗಂಟೆಗೆ ಬಂತು, ಬರಲಿಲ್ಲ, ದಿನಾ ಬರೆಯಿರಿ. ಕಾಲೇಜು ಮಕ್ಕಳೇ ಬರೆದರೆ ಇನ್ನೂ ಒಳ್ಳೆಯದು.

ಉತ್ತರದ ಪ್ರತಿಯನ್ನು ಈ ಪತ್ರದ ಜೊತೆ ಅಂಚೆಯಲ್ಲಿ ಕಳಿಸಿದ್ದೇನೆ. ಆರೂಕಾಲು ಅಂತ ಇರುವ ಕಡೆ ಕೆಂಪು ಗೀಟು ಹಾಕಿದ್ದೇನೆ. ನಿಮ್ಮ ನೋಟ್‌ಬುಕ್ ತುಂಬಿದ ಮೇಲೆ ನನಗೂ ಒಂದು ಜೆರಾಕ್ಸ್ ಕಳಿಸಿ.

— ಸಂಪಾದಕ