ಹಳೆ ಪುಸ್ತಕಕ್ಕೆ ಹುಳ ಹತ್ತಿದರೆ

ಪ್ರಶ್ನೆ: ಹಳೆ ಪುಸ್ತಕದಂಗಡಿಯಿಂದ ತಂದ ಕಾದಂಬರಿಗಳಲ್ಲಿ ಸೂಜಿ ಚುಚ್ಚಿದಂಥ ತೂತುಗಳಿವೆ, ಹುಡಿ ಉದುರುತ್ತಿದೆ. ಬಿಸಿಲಿಗೆ ಹಾಕಲೇ? ಹರಿದ ಹಾಳೆಗೆ ಸೆಲ್ಲೋ ಟೇಪ್ ಅಂಟಿಸಬಹುದೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಬಿಸಿಲು ಬೇಡವೇ ಬೇಡ. ನಮ್ಮ ಕಲಬುರಗಿಯ ಮೇ ತಿಂಗಳ ಬಿಸಿಲಿಗೆ ಅಗ್ಗದ ಕಾಗದ ಹಪ್ಪಳದಂತೆ ಮುರಿಯುತ್ತದೆ, ಹುಳವೇನೋ ಒಳಗೆ ಸರಿದು ಉಳಿಯುತ್ತದೆ. ಹೊಸ ಹುಡಿ ಬೀಳುತ್ತಿದೆ ಎಂದರೆ ಮರಿಹುಳ ಇನ್ನೂ ಜೀವಂತವಾಗಿದೆ. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಗಾಳಿ ಒತ್ತಿ ತೆಗೆದು, ಬಾಯಿ ಬಿಗಿಯಾಗಿ ಮುಚ್ಚಿ. ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ 14 ದಿನ ಇಡಿ. ಫ್ರಿಜ್ಜಿನ ಕೆಳಗಿನ ತಟ್ಟೆ ಸಾಲದು. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ. ಅವಸರಪಟ್ಟರೆ ತಣ್ಣನೆಯ ಹಾಳೆಗೆ ಗಾಳಿಯ ತೇವ ಕೂತು ಬೂಸ್ಟು ಹಿಡಿಯುತ್ತದೆ. ಆಮೇಲೆ ಮೆತ್ತನೆ ಬ್ರಷ್‌ನಿಂದ ಹುಡಿ ತೆಗೆದು, ಒಂದು ತಿಂಗಳು ಬಿಳಿ ಕಾಗದದ ಮೇಲಿಡಿ. ಮತ್ತೆ ಹುಡಿ ಕಂಡರೆ ಇನ್ನೊಮ್ಮೆ ಫ್ರೀಜರ್.

ಸೆಲ್ಲೋ ಟೇಪ್ ಅಂಟಿಸಬೇಡಿ. ಅದರ ಅಂಟು ವರ್ಷಗಳಲ್ಲಿ ಕಾಗದಕ್ಕಿಳಿದು ಕಂದು ಕಲೆಯಾಗುತ್ತದೆ, ಅಕ್ಷರವೂ ಮಸುಕಾಗುತ್ತದೆ. 1 ಚಮಚ ಮೈದಾಕ್ಕೆ 5 ಚಮಚ ನೀರು ಬೆರೆಸಿ ಸಣ್ಣ ಉರಿಯಲ್ಲಿ ಗಂಟಿಲ್ಲದಂತೆ ಕಾಯಿಸಿ ಆರಿಸಿ. ತೆಳು ಕಾಗದದ ಪಟ್ಟಿಗೆ ತೆಳ್ಳಗೆ ಸವರಿ ಹರಿದಲ್ಲಿ ಕೂರಿಸಿ. ಎರಡೂ ಕಡೆ ಬಟರ್ ಪೇಪರ್ ಇಟ್ಟು ರಾತ್ರಿಯಿಡೀ ಭಾರ ಹೇರಿ. ದಪ್ಪ ಬಳಿದರೆ ಹಾಳೆ ಮುದುಡುತ್ತದೆ. ಹಿಟ್ಟಿನಾಸೆಗೆ ಹುಳವೂ ಬರುತ್ತದೆ.

ಶಹಾಬಾದ್ ಕಲ್ಲಿನ ಗೂಡಿದ್ದರೂ ನಂಬಿ ಕೂರಬೇಡಿ. ಗೆದ್ದಲು ಕಲ್ಲು ತಿನ್ನದು, ಗೋಡೆಯ ಬಿರುಕಿನಿಂದ ಬರುತ್ತದೆ. ಗೋಡೆಗೂ ಪುಸ್ತಕಕ್ಕೂ 2 ಇಂಚು ಅಂತರವಿರಲಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಹಿಂದೆ ಮಣ್ಣಿನ ಗೆರೆ ಮೂಡಿದೆಯೇ ನೋಡಿ.