ಪ್ರತಿಕ್ರಿಯೆ: ಧಾರವಾಡದ ಮನೆಯ ಲ್ಯಾಂಡ್‌ಲೈನ್ ನಂಬರ್ ಮೊಬೈಲ್‌ಗೆ ಬರುತ್ತಾ?

ಧಾರವಾಡದಲ್ಲಿರುವ ತಾಯಿಯ ಮನೆಯ ಲ್ಯಾಂಡ್‌ಲೈನ್ ತೆಗೆಸಿ, ಅದೇ ನಂಬರನ್ನು ಮೊಬೈಲ್‌ನಲ್ಲಿ ಇಟ್ಟುಕೊಳ್ಳಬಹುದಾ ಅಂತ ಕೇಳಿದ್ದೀರಿ. 0836ರಿಂದ ಶುರುವಾಗುವ ಲ್ಯಾಂಡ್‌ಲೈನ್ ನಂಬರನ್ನು ಮೊಬೈಲ್ ಸಿಮ್‌ಗೆ ಪೋರ್ಟ್ ಮಾಡಲು, ಅಂದರೆ ಅದೇ ನಂಬರನ್ನು ವರ್ಗಾಯಿಸಲು, ಬರುವುದಿಲ್ಲ. ಅದಕ್ಕೇ ಫೋನ್ ಕಂಪನಿಯವರು ನಿಮಗೆ ಆಗಲ್ಲ ಅಂದಿದ್ದಾರೆ. ಹೊಸ ನಂಬರ್ ತಗೊಳ್ಳಲೇಬೇಕು. ಆದರೆ ಲೈನ್ ಈಗಲೇ ಕಟ್ ಮಾಡಿಸಬೇಡಿ.

ಮೊದಲು ಸಿಗ್ನಲ್ ನೋಡಿ. ಬೇರೆ ಬೇರೆ ಕಂಪನಿಯ ಸಿಮ್ ಇರುವ ನೆಂಟರನ್ನು ಪಡಸಾಲೆಯಲ್ಲಿ ನಿಲ್ಲಿಸಿ ಮಾತಾಡಿಸಿ. ದಪ್ಪ ಗೋಡೆಯ ಹಳೇ ಮನೆ ಅಂದಿದ್ದೀರಿ, ಅಂಗಳದಲ್ಲಿ ಸಿಕ್ಕಿದ್ದು ಒಳಗೆ ಸಿಗದೇ ಇರಬಹುದು.

ತಾಯಿಗೆ ಟಚ್ ಫೋನ್ ಬೇಡವೇ ಬೇಡ. ಸಿಮ್ ಹಾಕುವ ಟೇಬಲ್ ಫೋನ್ ಸಿಗುತ್ತದೆ, ನೋಡಲು ಲ್ಯಾಂಡ್‌ಲೈನ್ ಹಾಗೇ. ನಮ್ಮ ಅವ್ವನಿಗೆ ಅದನ್ನೇ ತಂದುಕೊಟ್ಟೆ. ಹಳೇ ಜಾಗದಲ್ಲೇ, ಕಿಟಕಿ ಪಕ್ಕದ ಸ್ಟೂಲ್ ಮೇಲೆ ಇಟ್ಟು, ಅವಳೇ ಕಸೂತಿ ಹಾಕಿದ ಬಟ್ಟೆ ಹೊದಿಸಿದೆವು. ರಿಂಗಾದ ಕೂಡಲೇ ಕೈ ತಾನೇ ರಿಸೀವರ್‌ಗೆ ಹೋಯಿತು, ಏನೂ ಕಲಿಸಬೇಕಾಗಲಿಲ್ಲ. ಕೊಳ್ಳುವಾಗ 4ಜಿ ವೋಲ್ಟೆ (4ಜಿ ನೆಟ್‌ವರ್ಕ್‌ನಲ್ಲೇ ಮಾತಾಡುವ ಸೌಲಭ್ಯ) ಇದೆಯಾ ಅಂತ ಕೇಳಿ. ಬರೀ 2ಜಿ ಮಾಡೆಲ್‌ನಲ್ಲಿ ಜಿಯೋ ಸಿಮ್ ನಡೆಯಲ್ಲ. ಕರೆಂಟ್ ಹೋದಾಗ ಬೇಕಲ್ವಾ, ಒಳಗೆ ಬ್ಯಾಟರಿ ಇರುವುದನ್ನೇ ತಗೊಳ್ಳಿ.

ಆಮೇಲೆ ಎರಡು ತಿಂಗಳು ಎರಡೂ ನಂಬರ್ ಇಟ್ಟುಕೊಳ್ಳಿ. ಬ್ಯಾಂಕ್, ಗ್ಯಾಸ್, ಹೆಸ್ಕಾಂ (ಕರೆಂಟ್ ಕಂಪನಿ), ಎಲ್‌ಐಸಿ, ಎಲ್ಲ ಕಡೆ ಹೊಸ ನಂಬರ್ ಕೊಡಿ. ಬ್ಯಾಂಕ್ ಮೊದಲು, ಒಟಿಪಿ ಹೊಸ ನಂಬರಿಗೇ ಬರಬೇಕು. ಹಳೇ ನಂಬರಿಗೆ ಯಾರು ಫೋನ್ ಮಾಡಿದರೂ ತಾಯಿಯೇ ಹೊಸದನ್ನು ಹೇಳಲಿ, ಅಂಕಿ ದಪ್ಪಗೆ ಬರೆದು ಗೋಡೆಗೆ ಅಂಟಿಸಿ.

ಕೊನೆಗೆ ಬಿಲ್ ಪೂರ್ತಿ ಕಟ್ಟಿ, ಲೈನ್ ಬೇಡ ಅಂತ ಬರವಣಿಗೆಯಲ್ಲಿ ಅರ್ಜಿ ಕೊಡಿ. ಅದೇ ಲೈನ್‌ನಲ್ಲಿ ಇಂಟರ್ನೆಟ್ ಇದ್ದರೆ ಅದರ ಗತಿ ಏನು ಅಂತ ಮೊದಲೇ ಕೇಳಿಕೊಳ್ಳಿ. ತಂದೆಯ ಹೆಸರಲ್ಲಿ ಡಿಪಾಸಿಟ್ ಇದ್ದರೆ ವಾಪಸ್ ಕೇಳಿ, ಸೀಲ್ ಹಾಕಿದ ರಸೀದಿ ತಗೊಂಡೇ ಬನ್ನಿ.