ಅಂಗಡಿಯ ಸೀರೆ ಆನ್‌ಲೈನ್‌ಗೆ: ಯಾವುದರಿಂದ ಶುರು?

ಪ್ರಶ್ನೆ: ಚಿತ್ರದುರ್ಗದಲ್ಲಿ ನಮ್ಮದು ಸೀರೆ ಅಂಗಡಿ. ಮೊಳಕಾಲ್ಮುರು ರೇಷ್ಮೆ ಸೀರೆಗಳೇ ಹೆಚ್ಚು. ಬಿಲ್ಲು ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನಲ್ಲಿ ಹಾಕುತ್ತೇವೆ. ಈಗ ವೆಬ್‌ಸೈಟ್ ಮಾಡಿ ಮಾರಬೇಕೆಂದಿದ್ದೇವೆ. ಅದಕ್ಕೆ ಅಂಗಡಿಯಲ್ಲೇ ಸರ್ವರ್ ಇಡಬೇಕೆ?

ಉತ್ತರ: ಬೇಡ. ಅಂಗಡಿಯಲ್ಲಿ ಕರೆಂಟ್ ಹೋದರೆ ವೆಬ್‌ಸೈಟೂ ನಿಲ್ಲುತ್ತದೆ. ತಿಂಗಳ ಬಾಡಿಗೆಗೆ ಸಿಗುವ ಶಾಪಿಫೈ ಥರದ ಸಿದ್ಧ ವ್ಯವಸ್ಥೆ ಸಾಕು. ಸರ್ವರ್‌ಗೆ ಹಾಕುವ ದುಡ್ಡಲ್ಲಿ ಬಾರ್‌ಕೋಡ್ ಪ್ರಿಂಟರ್, ಸ್ಕ್ಯಾನರ್, ಯುಪಿಎಸ್ ಕೊಳ್ಳಿ. ಬೇರೆ ಕಂಪನಿಯ ಇನ್ನೊಂದು ಇಂಟರ್ನೆಟ್ ಸಂಪರ್ಕವನ್ನೂ ಇಟ್ಟುಕೊಳ್ಳಿ.

ಶುರು ಮಾಡಬೇಕಾದ್ದು ಸ್ಟಾಕಿನಿಂದ. 'ರೇಷ್ಮೆ ಸೀರೆ – 40' ಎಂಬ ಒಂದೇ ಸಾಲು ಕೌಂಟರಿನಲ್ಲಿ ನಡೆಯುತ್ತದೆ, ಆನ್‌ಲೈನ್‌ನಲ್ಲಿ ನಡೆಯದು. ಕೈಮಗ್ಗದ ಸೀರೆ ಒಂದರಂತೆ ಇನ್ನೊಂದಿಲ್ಲ. ಗಿರಾಕಿಗೆ ಫೋಟೋದಲ್ಲಿ ಕಂಡದ್ದೇ ಬೇಕು. ಪ್ರತಿ ಸೀರೆಗೂ 'ಎಂಕೆ-0147' ಎಂಬಂತೆ ನಂಬರ್ ಕೊಡಿ. ಚೀಟಿ, ಟ್ಯಾಲಿ, ಫೋಟೋ ಫೈಲು, ವೆಬ್‌ಸೈಟ್ ನಾಲ್ಕರಲ್ಲೂ ಅದೇ ನಂಬರ್ ಇರಲಿ. ವೆಬ್‌ಸೈಟಿನಲ್ಲಿ ಸ್ಟಾಕ್ 1 ಎಂದು ಹಾಕಿ, ಸ್ಟಾಕ್ ಮುಗಿದ ಮೇಲೂ ಆರ್ಡರ್ ಹಿಡಿಯುವ ಆಯ್ಕೆಯನ್ನು ಆಫ್ ಮಾಡಿ.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಬೆಳಿಗ್ಗೆ ಕೌಂಟರಿನಲ್ಲಿ ಮಾರಿದ ಸೀರೆ ರಾತ್ರಿ ಲೆಕ್ಕ ಕೂಡಿಸುವವರೆಗೂ ವೆಬ್‌ಸೈಟಿನಲ್ಲಿ ಉಳಿಯುತ್ತದೆ. ಅಷ್ಟರಲ್ಲಿ ಅದೇ ಸೀರೆಗೆ ಬೇರೆಯವರು ದುಡ್ಡು ಕಟ್ಟಿರುತ್ತಾರೆ. ಇದಕ್ಕೆಂದು ಟ್ಯಾಲಿಯನ್ನು ವೆಬ್‌ಸೈಟಿಗೆ ಜೋಡಿಸಲು ಈಗಲೇ ಹೋಗಬೇಡಿ. 50 ಸೀರೆ ಬೇರೆ ಬೀರುವಿನಲ್ಲಿಟ್ಟು, ಟ್ಯಾಲಿಯಲ್ಲಿ 'ಆನ್‌ಲೈನ್' ಹೆಸರಿನ ಪ್ರತ್ಯೇಕ ಗೋಡೌನ್ ತೆರೆಯಿರಿ. ಆ ಬೀರುವಿನಿಂದ ಸೀರೆ ಕೌಂಟರಿಗೆ ಬರಬೇಕಾದರೆ ಮೊದಲು ವೆಬ್‌ಸೈಟಿನಲ್ಲಿ ಸ್ಟಾಕ್ ಸೊನ್ನೆಯಾಗಬೇಕು. ಮದುವೆ ಸೀಸನ್ನಿನ ಗದ್ದಲದಲ್ಲೂ ಈ ನಿಯಮ ಸಡಿಲಿಸಬೇಡಿ.

ಗಿರಾಕಿಯ ದುಡ್ಡು ಹೋಗಿ ಆರ್ಡರ್ ಮಾತ್ರ ಬರದಿರುವುದೂ ಉಂಟು. ಪಾವತಿಯಾದೊಡನೆ ಅವರು ಪುಟ ಮುಚ್ಚಿದ್ದರೆ ಹೀಗಾಗಬಹುದು. ಪೇಮೆಂಟ್ ಗೇಟ್‌ವೇ, ಅಂದರೆ ಆನ್‌ಲೈನ್ ಪಾವತಿ ನಡೆಸಿಕೊಡುವ ಸೇವೆ, ತಾನೇ ವೆಬ್‌ಸೈಟಿಗೆ ಸುದ್ದಿ ಮುಟ್ಟಿಸುವ ವೆಬ್‌ಹುಕ್ ಇದೆಯೇ ಎಂದು ಸೈಟ್ ಮಾಡಿಕೊಡುವವರನ್ನು ಕೇಳಿ. ಅವರ ಎದುರೇ ಪಾವತಿ ಮಾಡಿ, ಪುಟ ಮುಚ್ಚಿ, ಆರ್ಡರ್ ಬಂತೇ ನೋಡಿ.

ಡಬ್ಬದ ಅಳತೆಯೂ ಮುಖ್ಯ. ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 5000ದಿಂದ ಭಾಗಿಸಿದ ತೂಕ, ನಿಜವಾದ ತೂಕ ಇವೆರಡರಲ್ಲಿ ಹೆಚ್ಚಿನದಕ್ಕೆ ಕೊರಿಯರ್‌ನವರು ಸಾಮಾನ್ಯವಾಗಿ ದರ ಹಾಕುತ್ತಾರೆ. 800 ಗ್ರಾಂ ಸೀರೆಯನ್ನು 40×30×8ರ ಡಬ್ಬದಲ್ಲಿಟ್ಟರೆ 1.92 ಕೆ.ಜಿ. ಲೆಕ್ಕ, 35×25×5ರಲ್ಲಿ 0.875.

ಪ್ರಶ್ನೆ: ದಾವಣಗೆರೆಯಲ್ಲಿ ಮನೆಯಲ್ಲೇ ಬಟ್ಟೆಚೀಲ ಹೊಲಿಯುತ್ತೇನೆ. ಜಿಎಸ್‌ಟಿ ನೋಂದಣಿ ಇಲ್ಲದೆ ಆನ್‌ಲೈನ್ ಮಾರುಕಟ್ಟೆಗಳಲ್ಲಿ ಮಾರಬಹುದೆ?

ಉತ್ತರ: ವಹಿವಾಟು ನೋಂದಣಿ ಮಿತಿಯೊಳಗಿದ್ದರೆ ಕರ್ನಾಟಕದೊಳಗೆ ಮಾರಲು ಕಾನೂನು 2023ರ ಅಕ್ಟೋಬರ್ 1ರಿಂದ ಅವಕಾಶ ಕೊಟ್ಟಿದೆ. ಜಿಎಸ್‌ಟಿ ಪೋರ್ಟಲಿನಲ್ಲಿ ಪ್ಯಾನ್ ಕೊಟ್ಟು ಎನ್‌ರೋಲ್‌ಮೆಂಟ್ ನಂಬರ್ ಪಡೆಯಬೇಕು. ಹುಬ್ಬಳ್ಳಿಯ ಗಿರಾಕಿಗೆ ಕಳಿಸಬಹುದು. ಪುಣೆಯ ಆರ್ಡರ್ ಹಿಡಿಯುವ ಮೊದಲು ನೋಂದಣಿ ಮಾಡಿಸಿಕೊಳ್ಳಿ.